‘ಔಷಧ ಕೊರತೆ ಇಲ್ಲ’ ಅಂದವರು ಕೌಂಟರಿಗೆ ಬರಲಿ

ಮಾನ್ಯರೇ,

ಆಸ್ಪತ್ರೆಯಲ್ಲಿ ಔಷಧ ಕೊರತೆ ಇಲ್ಲ ಎಂಬ ಅಧಿಕಾರಿಗಳ ಹೇಳಿಕೆಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿ, ನಂಬಿ, ನಿನ್ನೆ ಅಲ್ಲಿಗೆ ಹೋದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್ ಮಾತ್ರೆ ಇರಲಿಲ್ಲ. ನಮ್ಮ ಯಜಮಾನರಿಗೆ ಸ್ಟೆಂಟ್ (ಹೃದಯದ ರಕ್ತನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ) ಹಾಕಿ ಇನ್ನೂ ವರ್ಷ ತುಂಬಿಲ್ಲ. ಈ ಮಾತ್ರೆ ಒಂದು ದಿನವೂ ತಪ್ಪಬಾರದು ಎಂದು ವೈದ್ಯರು ಚೀಟಿಯಲ್ಲಿ ಕೆಂಪು ಗೆರೆ ಎಳೆದು ಕೊಟ್ಟಿದ್ದಾರೆ.

ಕೌಂಟರಿನವರು ಆಸ್ಪಿರಿನ್ ಶೀಟು ಮುಂದೆ ತಳ್ಳಿ, ‘ಎರಡೂ ರಕ್ತ ತೆಳ್ಳಗೆ ಮಾಡೋದೇ ಅಲ್ವಾ ಅಮ್ಮಾ, ಸದ್ಯಕ್ಕೆ ಇದೊಂದೇ ಸಾಕು’ ಎಂದರು. ಬಯಾಲಜಿ ಪಾಠ ಮಾಡಿ ನಿವೃತ್ತಳಾದವಳ ಹತ್ತಿರ ಹೇಳುವ ಮಾತೇ ಇದು? ರಕ್ತನಾಳಕ್ಕೆ ಪೆಟ್ಟಾದಾಗ ರಕ್ತದ ಪುಟ್ಟ ಕಣಗಳಾದ ಪ್ಲೇಟ್‌ಲೆಟ್‌ಗಳು ಎಡಿಪಿ ಎಂಬ ವಸ್ತುವನ್ನು ಹೊರಗೆ ಬಿಡುತ್ತವೆ. ಅದು ಅಕ್ಕಪಕ್ಕದ ಪ್ಲೇಟ್‌ಲೆಟ್‌ಗಳ ಮೈಮೇಲಿನ ಪಿ2ವೈ12 ಎಂಬ ಗ್ರಾಹಕಕ್ಕೆ (ರಿಸೆಪ್ಟರ್, ಸುದ್ದಿ ಹಿಡಿಯುವ ಕೊಂಡಿ) ಅಂಟಿಕೊಂಡು ಅವನ್ನೂ ಕರೆಯುತ್ತದೆ. ಎಲ್ಲ ಸೇರಿದರೆ ಹೆಪ್ಪು. ಕ್ಲೋಪಿಡೋಗ್ರೆಲ್ ಮುಚ್ಚುವುದು ಈ ಗ್ರಾಹಕವನ್ನು. ಆಸ್ಪಿರಿನ್ ತಡೆಯುವುದು ಥ್ರಾಂಬಾಕ್ಸೇನ್ ಎಂಬ ಬೇರೆಯದೇ ಕರೆಯನ್ನು. ಒಂದೇ ಸಾಕು ಅನ್ನುವುದಾದರೆ ವೈದ್ಯರೇ ಹೇಳಬೇಕು, ಸ್ಟಾಕ್ ರಿಜಿಸ್ಟರ್ ಅಲ್ಲ. ಹೊಸ ಸ್ಟೆಂಟಿನೊಳಗೆ ಹೆಪ್ಪುಗಟ್ಟಿದರೆ ಮತ್ತೆ ಹಾರ್ಟ್ ಅಟ್ಯಾಕ್. ಆಗ ಯಾರನ್ನು ಕೇಳಲಿ?

ತಮಾಷೆ ಇನ್ನೂ ಇದೆ. ಹೊಟ್ಟೆಯ ಆಸಿಡ್ ತಗ್ಗಿಸಲು ಚೀಟಿಯಲ್ಲಿದ್ದ ಪ್ಯಾಂಟೊಪ್ರಜೋಲ್ ಬದಲು ಅದೇ ಜಾತಿಯ ಒಮೆಪ್ರಜೋಲ್ ಕೊಟ್ಟರು. ಕ್ಲೋಪಿಡೋಗ್ರೆಲ್ ಲಿವರ್‌ನಲ್ಲಿ ಬದಲಾದ ಮೇಲೆಯೇ ಕೆಲಸ ಮಾಡುವುದು. ಆ ಬದಲಾವಣೆಗೇ ಒಮೆಪ್ರಜೋಲ್ ಅಡ್ಡ ಬರುತ್ತದೆ. ಬೇಕಾದ ಮಾತ್ರೆ ಇಲ್ಲ, ಅದರ ಕೆಲಸ ಕೆಡಿಸುವ ಮಾತ್ರೆ ಮಾತ್ರ ಧಾರಾಳ!

ಹೊರಗಿನ ಮೆಡಿಕಲ್ ಶಾಪಿನಲ್ಲಿ ‘ಟಿಕಾಗ್ರೆಲರ್ ಇದೆ, ಇನ್ನೂ ಸ್ಟ್ರಾಂಗು, ತಗೊಳ್ಳಿ’ ಎಂದರು. ಅದೂ ಅದೇ ಗ್ರಾಹಕವನ್ನು ತಡೆಯುತ್ತದೆ, ನಿಜ. ಆದರೆ ದಿನಕ್ಕೆ ಎರಡು ಸಲ ತಗೊಳ್ಳಬೇಕು. ಕೆಲವರಿಗೆ ಅದರಿಂದ ಉಸಿರು ಕಟ್ಟಿದ ಹಾಗಾಗುತ್ತದೆ. ರಕ್ತದಲ್ಲಿ ಅಡೆನೊಸಿನ್ (ಎಡಿಪಿಯ ಬಂಧುವಾದ ವಸ್ತು) ಜಾಸ್ತಿ ಉಳಿಯುವುದು ಇದಕ್ಕೆ ಕಾರಣ ಇರಬಹುದು ಅನ್ನುತ್ತಾರೆ. ಮೊದಲೇ ದಮ್ಮಿರುವ ನಮ್ಮವರಿಗೆ ಇದನ್ನು ಅಂಗಡಿಯವರ ಮಾತು ಕೇಳಿ ಕೊಡಲೇ? ಅಂದಹಾಗೆ, ನಮಗೆ ನಿದ್ದೆ ತರಿಸುವುದರಲ್ಲೂ ಅಡೆನೊಸಿನ್ ಕೈವಾಡವಿದೆ. ಕಾಫಿ ಅದಕ್ಕೆ ಅಡ್ಡ ನಿಂತು ಎಚ್ಚರ ಕೊಡುತ್ತದೆ. ನಮ್ಮ ಅಧಿಕಾರಿಗಳು ಪರಿಶೀಲನಾ ಸಭೆಯಲ್ಲಿ ಅಷ್ಟು ಕಾಫಿ ಕುಡಿದೂ ಎಚ್ಚರವಾಗಿಲ್ಲ. ಇದನ್ನು ಯಾರಾದರೂ ಸಂಶೋಧನೆ ಮಾಡಬೇಕು.

ಜೀವಕೋಶಕ್ಕೆ ಶಕ್ತಿ ಕೊಡುವ, ಎಡಿಪಿ-ಅಡೆನೊಸಿನ್ ಬಳಗದ ಎಟಿಪಿಯಂಥ ವಸ್ತು ಜೀವಕೋಶಗಳ ನಡುವೆ ಸುದ್ದಿಯನ್ನೂ ಸಾಗಿಸುತ್ತದೆ ಎಂದು ವಿಜ್ಞಾನಿ ಜೆಫ್ರಿ ಬರ್ನ್‌ಸ್ಟಾಕ್ 1972ರಲ್ಲೇ ಹೇಳಿದರು. ಬಹಳ ವರ್ಷ ಯಾರೂ ನಂಬಲಿಲ್ಲ. ಕೊನೆಗೆ ಜಗತ್ತು ಒಪ್ಪಿತು. ಕೌಂಟರಿನಿಂದ ಮೇಲಧಿಕಾರಿಗೆ ‘ಮಾತ್ರೆ ಮುಗಿದಿದೆ’ ಅನ್ನುವ ಸುದ್ದಿ ಮಾತ್ರ ಇನ್ನೂ ಮುಟ್ಟಿಲ್ಲ. 2017ರಲ್ಲಿ ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿ ಮಿತಿ ಹಾಕಿದಾಗ ನಾವೆಲ್ಲ ಖುಷಿಪಟ್ಟಿದ್ದೆವು. ಹಾಕಿಸಿಕೊಂಡ ಮೇಲೆ ಅದನ್ನು ಕಾಪಾಡುವ ಮಾತ್ರೆಗೆ ಅಲೆಯಬೇಕು.

ಆ ಆಸ್ಪತ್ರೆಯ ಲಿಫ್ಟ್ ವಿಷಯವಂತೂ ಹೇಳುವುದೇ ಬೇಡ. ‘ದುರಸ್ತಿಯಲ್ಲಿದೆ’ ಬೋರ್ಡಿನ ಅಕ್ಷರವೇ ಮಾಸಿಹೋಗಿದೆ. ಹೃದ್ರೋಗಿಗಳು ಮೆಟ್ಟಿಲು ಹತ್ತಬೇಕು. ಗೇಟಿನ ಮುಂದೆ ಅಗೆದ ಗುಂಡಿ ಹಾಗೇ ಇದೆ. ಪಾರ್ಕಿಂಗ್ ಹಣ ವಸೂಲಿಗೆ ಮಾತ್ರ ಯಾವತ್ತೂ ಸಿಬ್ಬಂದಿ ಕೊರತೆ ಇಲ್ಲ. ಹಿಂದೆ ಕುಡಿಯುವ ನೀರಿನ ಬಗ್ಗೆ ಬರೆದಾಗಲೂ ‘ಕ್ರಮ ಕೈಗೊಳ್ಳಲಾಗುವುದು’ ಅಂದಿದ್ದರು. ನಲ್ಲಿ ಈಗಲೂ ಒಣಗಿದೆ.

ಸಂಬಂಧಪಟ್ಟವರು ಕೂಡಲೇ ಗಮನ ಹರಿಸಲಿ. ಮಾತ್ರೆ ತರಿಸಲಿ, ಆಗದಿದ್ದರೆ ಇಲ್ಲ ಅಂತ ಬೋರ್ಡ್ ಆದರೂ ಹಾಕಲಿ. ಲಿಫ್ಟನ್ನೂ ನೋಡಲಿ. ಅದೂ ಕಷ್ಟವೆಂದರೆ ಪತ್ರಿಕೆಗೆ ಹೇಳಿಕೆ ಕೊಡುವುದನ್ನಾದರೂ ಸ್ವಲ್ಪ ದಿನ ನಿಲ್ಲಿಸಲಿ.

– ನಿವೃತ್ತ ಉಪನ್ಯಾಸಕಿ