ಸುಣ್ಣ ಹಚ್ಚಿ ಬಿಟ್ಟ ಎಲೆ

ಚಿರಂಜೀವಿ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಈ ವರ್ಷ ಮಳೆ ಜಾಸ್ತಿ ಆಯಿತು. ಮೂರು ಸಲ ಬೋರ್ಡೋ ಔಷಧಿ ಹೊಡೆಸಿದರೂ ಕೆಳಗಿನ ತೋಟದಲ್ಲಿ ಅಡಿಕೆಗೆ ಕೊಳೆರೋಗ ಬಂತು. ಎಲೆಚುಕ್ಕೆ ರೋಗ ಹೋದ ವರ್ಷದಷ್ಟು ಇಲ್ಲ, ಅದೇ ಸಮಾಧಾನ. ನಿನ್ನ ದೊಡ್ಡಮ್ಮನ ಮಂಡಿನೋವು ಹಾಗೇ ಇದೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಅರ್ಧ ಹೇಳುವಷ್ಟರಲ್ಲಿ ನೀನು ಉತ್ತರ ಶುರು ಮಾಡುತ್ತೀಯ. ಕಾಗದವಾದರೆ ಪೂರ್ತಿ ಓದುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ದೀಪಾವಳಿಯ ರಾತ್ರಿ ಜಗಲಿಯಲ್ಲಿ ಆದದ್ದನ್ನು ನೀನು ಮರೆತಿರಲಾರೆ. ಊಟ ಮುಗಿದಿತ್ತು. ನಿನ್ನ ಭಾವ ಎಲೆಅಡಿಕೆ ತಟ್ಟೆ ಎಳೆದುಕೊಂಡು ಕೂತಿದ್ದರು. ಮಾತು ಶರಾವತಿಯ ಪಂಪ್ಡ್ ಸ್ಟೋರೇಜ್ ಯೋಜನೆಗೆ ಬಂತು. ಅಲ್ಲಿಂದ ಸರ್ಕಾರಕ್ಕೆ ಹೋಯಿತು, ಸರ್ಕಾರದಿಂದ ಪಕ್ಷಕ್ಕೆ, ಪಕ್ಷದಿಂದ ಜಾತಿಗೆ. ಇಬ್ಬರ ದನಿಯೂ ಏರಿತ್ತು, ನಿನ್ನೊಬ್ಬನದೇ ಎಂದು ನಾನು ಹೇಳುವುದಿಲ್ಲ. ಕೊನೆಗೆ ನೀನು ಅಂದೆ: "ನಿಮ್ಮಂಥವರು ಪರಿಹಾರದ ದುಡ್ಡಿಗೇ ಬೊಬ್ಬೆ ಹೊಡೆಯೋದು. ದೇಶ ಹಿಂದೆ ಬಿದ್ದಿರೋದೇ ನಿಮ್ಮಂಥವರಿಂದ."

ನೀನು ಹಾಗೆ ಅಂದಾಗ ನಾನು ಅವರ ಕೈ ನೋಡುತ್ತಿದ್ದೆ. ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳು ನಿಂತಿತು. ಆ ಎಲೆಯನ್ನು ಮಡಚಲಿಲ್ಲ. ಹಾಗೇ ತಟ್ಟೆಯಲ್ಲಿಟ್ಟು, ಬೆರಳನ್ನು ಪಂಚೆಯ ಅಂಚಿಗೆ ಒರೆಸಿಕೊಂಡು ಎದ್ದರು. ಬೆಳಿಗ್ಗೆ ನೀನು ಏಳುವ ಮೊದಲೇ ಅಕ್ಕನನ್ನೂ ಮಕ್ಕಳನ್ನೂ ಕರೆದುಕೊಂಡು ಹೊರಟರು. ನಿನ್ನ ಅಕ್ಕ ಬಚ್ಚಲಮನೆಯಲ್ಲಿ ಮುಖ ತೊಳೆಯುವ ನೆಪದಲ್ಲಿ ಅತ್ತದ್ದು ನಿನ್ನ ಅಮ್ಮನಿಗೆ ಮಾತ್ರ ಗೊತ್ತು. ಆಮೇಲೆ ನೀನು ಮನೆಯ ವಾಟ್ಸಾಪ್ ಗುಂಪನ್ನೂ ಬಿಟ್ಟೆ.

ನನ್ನ ಕಥೆಯೊಂದು ಹೇಳುತ್ತೇನೆ. ಇದನ್ನು ನಿನ್ನ ಅಪ್ಪನಿಗೂ ಪೂರ್ತಿ ಹೇಳಿಲ್ಲ.

ಹಳ್ಳದಾಚೆ ದೊಡ್ಡಪ್ಪ ನಿನಗೆ ನೆನಪಿರಬೇಕು. ನೀನು ಸಣ್ಣವನಿದ್ದಾಗ ಹಲಸಿನ ಹಣ್ಣು ಬಿಡಿಸಿ ತೊಳೆ ತೊಳೆಯಾಗಿ ಕೊಡುತ್ತಿದ್ದರಲ್ಲ, ಅವರೇ. ನಾನು, ಅವನು ಒಂದೇ ವಾರಗೆಯವರು. ಒಟ್ಟಿಗೆ ತೀರ್ಥಹಳ್ಳಿಯ ಶಾಲೆಗೆ ನಡೆದವರು. 1978ರಲ್ಲಿ ನಮಗೆ ಇಪ್ಪತ್ಮೂರು. ಆ ನವೆಂಬರಿನಲ್ಲಿ ಇಡೀ ದೇಶದ ಕಣ್ಣು ಪಕ್ಕದ ಚಿಕ್ಕಮಗಳೂರಿನ ಮೇಲಿತ್ತು. ಹಿಂದಿನ ವರ್ಷ ಸೋತಿದ್ದ ಇಂದಿರಾ ಗಾಂಧಿ ಉಪಚುನಾವಣೆಗೆ ಅಲ್ಲಿ ನಿಂತಿದ್ದರು. ಡಿ. ಬಿ. ಚಂದ್ರೇಗೌಡರು ಅವರಿಗಾಗಿ ಸ್ಥಾನ ಬಿಟ್ಟುಕೊಟ್ಟಿದ್ದರು. ಎದುರಿಗೆ ಜನತಾ ಪಕ್ಷದಿಂದ ವೀರೇಂದ್ರ ಪಾಟೀಲರು. ನಮ್ಮ ಊರು ಆ ಕ್ಷೇತ್ರಕ್ಕೆ ಸೇರದಿದ್ದರೂ ನಾವಿಬ್ಬರೂ ಕೊಪ್ಪದ ಕಡೆ ಪ್ರಚಾರಕ್ಕೆ ಹೋದೆವು. ನಾನು ಪಾಟೀಲರ ಕಡೆ, ಅವನು ಇಂದಿರಾ ಕಡೆ.

ನನಗೆ ನನ್ನದೇ ಕಾರಣವಿತ್ತು. ತುರ್ತು ಪರಿಸ್ಥಿತಿಯಲ್ಲಿ ನಿನ್ನ ಚಿಕ್ಕಜ್ಜನನ್ನು ಹಿಡಿದುಕೊಂಡು ಹೋಗಿ ತಿಂಗಳುಗಟ್ಟಲೆ ಜೈಲಿನಲ್ಲಿಟ್ಟಿದ್ದರು. ಅವರು ತಿರುಗಿ ಬಂದಾಗ ಮನುಷ್ಯನ ಮಾತೇ ಕಡಿಮೆಯಾಗಿತ್ತು. ಅವನಿಗೂ ಕಾರಣವಿತ್ತು. ಅವರದು ಗೇಣಿ ಮನೆ. ದೇವರಾಜ ಅರಸರ ಕಾಲದಲ್ಲಿ 1974ರ ಭೂಸುಧಾರಣೆ ಕಾಯ್ದೆ ಬಂದು, ಅರ್ಜಿ ಹಾಕಿ, ಟ್ರಿಬ್ಯೂನಲ್ಲಿಗೆ ಓಡಾಡಿ, ಉಳುತ್ತಿದ್ದ ಗದ್ದೆ ಅವರಪ್ಪನ ಹೆಸರಿಗೆ ಆಗಿತ್ತು. ಅದು ನನಗೆ ಗೊತ್ತಿತ್ತು. ಆದರೆ ಅದು ಅವನ ಮನೆಗೆ ಏನಾಗಿತ್ತು ಎಂದು ನಾನು ಒಂದು ದಿನವೂ ಕೇಳಿರಲಿಲ್ಲ.

ಫಲಿತಾಂಶ ಬಂದಾಗ ಅಡಿಕೆ ಕೊನೆಕೊಯ್ಲು ಶುರುವಾಗಿತ್ತು. ರಾತ್ರಿ ನಮ್ಮ ಅಂಗಳದಲ್ಲಿ ಹತ್ತು ಹನ್ನೆರಡು ಜನ ಅಡಿಕೆ ಸುಲಿಯುತ್ತಿದ್ದರು. ಮುಯ್ಯಾಳಿಗೆ, ಅಂದರೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈಜೋಡಿಸುವ ಲೆಕ್ಕದಲ್ಲಿ, ಅವನೂ ಬಂದಿದ್ದ. ಇಂದಿರಾ ಗೆದ್ದ ಖುಷಿಯಲ್ಲಿ ಏನೋ ಅಂದ. ನಾನು ಎಲ್ಲರ ಎದುರು ಹೇಳಿದೆ: "ಪುಕ್ಕಟೆ ಗದ್ದೆ ಸಿಕ್ಕಿದವರಿಗೆ ಸ್ವಾತಂತ್ರ್ಯದ ಬೆಲೆ ಏನು ಗೊತ್ತು?" ಒಂದಿಬ್ಬರು ನಕ್ಕರು. ಆ ನಗು ಕೇಳಿ ನನಗೆ ಗೆದ್ದ ಹಾಗೆ ಅನಿಸಿತು. ಅವನು ಕೈಯಲ್ಲಿದ್ದ ಅಡಿಕೆಯನ್ನು ಪೂರ್ತಿ ಸುಲಿದು ಬುಟ್ಟಿಗೆ ಹಾಕಿದ. ಅಡಿಕೆ ಸುಲಿಯುವ ಮೆಟ್ಟುಗತ್ತಿಯನ್ನು ಪಕ್ಕಕ್ಕೆ ಮಲಗಿಸಿದ. ಲಾಟೀನು ಎತ್ತಿಕೊಂಡು ಹಳ್ಳ ದಾಟಿ ಹೋದ. ಆ ಬೆಳಕು ಹಳ್ಳದ ಕಾಲುಸಂಕ ದಾಟುವುದನ್ನು ನಾನು ಇಲ್ಲಿಂದಲೇ ನೋಡಿದೆ.

ಹನ್ನೊಂದು ವರ್ಷ ನಾವು ಮಾತಾಡಲಿಲ್ಲ, ಪುಟ್ಟ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಹಳ್ಳ ಅಷ್ಟೇ. ಅವನ ಮದುವೆಗೆ ನಾನು ಹೋಗಲಿಲ್ಲ. ನನ್ನ ಮದುವೆಗೆ ಅವನು ಬರಲಿಲ್ಲ. ಮುಯ್ಯಾಳು ನಿಂತಿತು. ಸೊಪ್ಪಿನ ಬೆಟ್ಟದಲ್ಲಿ ಎದುರಾದರೆ ಇಬ್ಬರೂ ಮರ ನೋಡುತ್ತಾ ಹೋಗುತ್ತಿದ್ದೆವು.

1989ರ ಮಳೆಗಾಲದಲ್ಲಿ ನಿನ್ನ ಅಜ್ಜ ತೀರಿಕೊಂಡರು. ಜಡಿಮಳೆ, ದಾರಿಯೆಲ್ಲ ಕೆಸರು. ಒಣ ಸೌದೆಯೇ ಇರಲಿಲ್ಲ. ಕತ್ತಲಲ್ಲಿ ಯಾರೋ ಕಂಬಳಿಕೊಪ್ಪೆ ಹಾಕಿಕೊಂಡು ತಲೆಹೊರೆಯಲ್ಲಿ ಸೌದೆ ತಂದು ಜಗಲಿಯ ಮೂಲೆಗೆ ಇಳಿಸಿದರು. ಮತ್ತೆ ಹೋದರು, ಮತ್ತೆ ತಂದರು. ನಾಲ್ಕನೇ ಹೊರೆಗೆ ಕೊಪ್ಪೆ ಜಾರಿದಾಗ ಅವನೆಂದು ಗೊತ್ತಾಯಿತು. ಅವರ ಮನೆಯ ಅಟ್ಟದ ಸೌದೆ, ಇಡೀ ಮಳೆಗಾಲಕ್ಕೆ ಇಟ್ಟುಕೊಂಡದ್ದು.

ಹದಿಮೂರು ದಿನ ಕಳೆದ ಮೇಲೆ ನಾನೇ ಹಳ್ಳ ದಾಟಿದೆ. ಆವತ್ತು ಅವನನ್ನು ಕೇಳಿದೆ: ಆ ಗದ್ದೆ ನಿಮ್ಮದಾದ ದಿನ ಮನೆಯಲ್ಲಿ ಏನಾಯಿತು ಅಂತ. ಅವನು ಹೇಳಿದ. ಅವರಪ್ಪ ವರ್ಷವರ್ಷ ಒಡೆಯರ ಅಂಗಳಕ್ಕೆ ಭತ್ತ ಹೊತ್ತು ಗೇಣಿ ಅಳೆಯುತ್ತಿದ್ದರಂತೆ. ಒಡೆಯರ ಮನೆಯ ಭತ್ತ ಅಳೆಯುವ ಕೊಳಗ ಊರಿನ ಕೊಳಗಕ್ಕಿಂತ ದೊಡ್ಡದು. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವ ಹಾಗಿರಲಿಲ್ಲ. ಗದ್ದೆ ತಮ್ಮದಾದ ದಿನ ಅವರಪ್ಪ ಸಂಜೆಯವರೆಗೂ ಗದ್ದೆಯ ಅಂಚಿನ ಮೇಲೆ ಸುಮ್ನೆ ಕೂತಿದ್ದರಂತೆ, ಊಟಕ್ಕೆ ಕರೆದರೂ ಏಳಲಿಲ್ಲವಂತೆ. ಆಮೇಲೆ ಅವನು ನನ್ನ ಚಿಕ್ಕಪ್ಪನ ಜೈಲಿನ ವಿಚಾರ ಕೇಳಿದ. ನಾನೂ ಹೇಳಿದೆ. ಇಬ್ಬರೂ ಅಭಿಪ್ರಾಯ ಬದಲಿಸಲಿಲ್ಲ. ಅವನು ಕೊನೆಯವರೆಗೂ ಇಂದಿರಾ ಕಡೆಯವನೇ. ಆದರೆ ಅವನು ಯಾಕೆ ಹಾಗೆ ಎಂದು ನನಗೆ ಗೊತ್ತಾಯಿತು, ನಾನು ಯಾಕೆ ಹೀಗೆ ಎಂದು ಅವನಿಗೂ.

ಅದೇ ವರ್ಷದ ಕೊನೆಯಲ್ಲಿ ಒಂದು ಸಂಜೆ ನಾವಿಬ್ಬರೂ ಅವನ ಮನೆಯಲ್ಲಿ ರೇಡಿಯೋ ಕೇಳುತ್ತಾ ಕೂತಿದ್ದೆವು. ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾದ ಸುದ್ದಿ ಬಂತು. ಕಾಂಗ್ರೆಸ್ಸಿನಿಂದ! ನಾನು ಯಾರಿಗಾಗಿ ಇಂದಿರಾ ವಿರುದ್ಧ ಗಂಟಲು ಹರಿದುಕೊಂಡೆನೋ ಅವರೇ. ಎಷ್ಟೋ ವರ್ಷದ ಮೇಲೆ, 2009ರಲ್ಲಿ, ಚಂದ್ರೇಗೌಡರು ಬಿಜೆಪಿಯಿಂದ ಲೋಕಸಭೆಗೆ ಹೋದರು. ಅವರನ್ನು ನಾನು ದೂರುವುದಿಲ್ಲ. ದೊಡ್ಡವರು ಪಕ್ಷ ಬದಲಿಸುತ್ತಾರೆ, ಅವರಿಗೆ ಅವರ ಲೆಕ್ಕ. ನಮಗೆ ಮಾತ್ರ ಆ ಹನ್ನೊಂದು ವರ್ಷ ವಾಪಸ್ ಬರಲಿಲ್ಲ. ರೇಡಿಯೋ ನಿಲ್ಲಿಸಿ ಅವನು "ಕಾಫಿ ಕುಡಿತೀಯಾ?" ಅಂತ ಕೇಳಿದ. ಅಷ್ಟೇ ಅವನು ಹೇಳಿದ್ದು.

ಜಗಳವೇ ಬೇಡ, ರಾಜಕೀಯ ಮಾತಾಡಬೇಡ ಎಂದು ಬುದ್ಧಿ ಹೇಳಲು ನಾನು ಬರೆಯುತ್ತಿಲ್ಲ. ಹಾಗೆ ಹೇಳುವವರು ಬಹಳ ಜನ ಇದ್ದಾರೆ. ನನಗೆ ಆ ಮಾತು ಇಷ್ಟವಿಲ್ಲ. ನಮ್ಮ ಜಿಲ್ಲೆಯಲ್ಲಿ ಬಾಯಿ ಬಿಟ್ಟದ್ದರಿಂದಲೇ ಬಡವರಿಗೆ ಅನ್ನ ಸಿಕ್ಕಿದ್ದು. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗಣಪತಿಯಪ್ಪನವರ ಹಿಂದೆ ಗೇಣಿದಾರರು ಎದ್ದು ನಿಂತರು. ಸಮಾಜವಾದಿ ನಾಯಕ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಅಲ್ಲಿಯೂ ದೊಡ್ಡ ತಕರಾರು ಕೊಳಗದ್ದೇ. ನಾನು ಎಷ್ಟೋ ಸಲ ಅದನ್ನು ಯೋಚಿಸುತ್ತೇನೆ. ಕೊಳಗ ದೊಡ್ಡದೋ ಸಣ್ಣದೋ ಎಂಬುದು ಬೈದಾಡಿದರೆ ತೀರುವುದಿಲ್ಲ, ಎರಡು ಕೊಳಗ ತಂದು ಎಲ್ಲರೆದುರು ಅಳೆದರೆ ತೀರುತ್ತದೆ. ನಿಮ್ಮ ವಾದದಲ್ಲಿ ಅಳೆಯಬಹುದಾದದ್ದು ಯಾವುದು ಎಂದು ಮೊದಲು ಹುಡುಕಬೇಕಿತ್ತು.

ನೀನು ಹೇಳಿದ್ದರಲ್ಲಿ ಹುರುಳಿದೆ. ಹಗಲಲ್ಲಿ ಸೋಲಾರ್ ಕರೆಂಟು ಜಾಸ್ತಿ ಆಗುತ್ತದೆ, ಸಂಜೆ ಎಲ್ಲರೂ ದೀಪ ಹಾಕುವ ಹೊತ್ತಿಗೆ ಅದು ಇರುವುದಿಲ್ಲ. ಹೆಚ್ಚಿಗೆ ಇರುವಾಗ ಕೆಳಗಿನ ಗೇರುಸೊಪ್ಪ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತಿ, ಬೇಕಾದಾಗ ಇಳಿಸಿ 2000 ಮೆಗಾವ್ಯಾಟ್ ತೆಗೆಯುವುದು ಎಂದು ನೀನು ವಿವರಿಸಿದಾಗ ನನಗೂ ಹೌದಲ್ಲ ಅನಿಸಿತು. ಬೇರೆ ಕಡೆ ಕಲ್ಲಿದ್ದಲು ಸುಡುವುದಕ್ಕಿಂತ ಇದು ಮೇಲು ಎಂದೆ. ಅದೂ ಯೋಚಿಸಬೇಕಾದದ್ದೇ.

ಆದರೆ ನಿನ್ನ ಭಾವ ಯಾರ ಮೊಮ್ಮಗ ಎಂದು ನೀನು ಯೋಚಿಸಿದೆಯಾ? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಅವರ ಮನೆ, ತೋಟ, ದೇವರ ಗುಡಿ ಎಲ್ಲ ನೀರಿಗೆ ಹೋಯಿತು. ನಾಡಿಗೆಲ್ಲ ಬೆಳಕು ಬರುತ್ತದೆ ಎಂದು ಅವರಿಗೂ ಹೇಳಿದ್ದರು. ಬೆಳಕು ಬಂತು, ಸುಳ್ಳಲ್ಲ. ಅವರು ತುಮರಿ ಕಡೆ ಗುಡ್ಡ ಹತ್ತಿ ಹೊಸದಾಗಿ ಗುಡಿಸಲು ಹಾಕಿದರು. ಪೇಟೆಗೆ, ಆಸ್ಪತ್ರೆಗೆ, ಹೆರಿಗೆಗೆ ಲಾಂಚ್ ಕಾಯುತ್ತಾ ಅರವತ್ತು ವರ್ಷ ಕಳೆದರು. ಹಿನ್ನೀರಿಗೆ ಸೇತುವೆ ಆದದ್ದು 2025ರಲ್ಲಿ. ಮುಳುಗಡೆಯವರು ಎಷ್ಟೋ ಜನ ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಅಂಥ ಮನೆಯವರಿಗೆ "ಪರಿಹಾರದ ದುಡ್ಡಿಗೆ ಬೊಬ್ಬೆ" ಅಂದೆಯಲ್ಲ ಮಗನೇ. ನಾನು "ಪುಕ್ಕಟೆ ಗದ್ದೆ" ಅಂದ ಹಾಗೇ ಆಯಿತು. ನಿನ್ನ ಬಾಯಲ್ಲಿ ಅದನ್ನು ಕೇಳಿದಾಗ ನನಗೆ ಆ ಲಾಟೀನಿನ ಬೆಳಕು ಕಣ್ಣಿಗೆ ಬಂತು.

ಕೆಲಸ ನಡೆಯಬೇಕಾದ ಜಾಗ ಸಿಂಗಳೀಕದ ಅಭಯಾರಣ್ಯದ ಒಳಗಿದೆ ಎಂದು ಅವರು ಹೇಳಲು ಹೊರಟಿದ್ದರು. ಸುರಂಗಕ್ಕೆ ಎಷ್ಟು ಮರ ಹೋಗುತ್ತದೆ, ಗುಡ್ಡ ಜರಿದರೆ ಏನು ಕಥೆ ಎಂದೂ ಕೇಳಲು ಹೊರಟಿದ್ದರು. ನೀನು ಮುಗಿಸಲು ಬಿಡಲಿಲ್ಲ. ಇವೆಲ್ಲ ಅಳೆದು ನೋಡಬಹುದಾದ ವಿಚಾರ. ನೀನು ಎಂಜಿನಿಯರ್, ಅವರು ಆ ಕಾಡಿನ ಅಂಚಿನವರು. ಇಬ್ಬರೂ ಸೇರಿ ಕಾಗದಪತ್ರ ಹರಡಿಕೊಂಡು ಕೂತಿದ್ದರೆ ಆ ಜಗಲಿಯಲ್ಲಿ ನಮಗೆಲ್ಲ ಏನಾದರೂ ತಿಳಿಯುತ್ತಿತ್ತು. ನನ್ನನ್ನು ಕೇಳಿದರೆ, ನಾನು ನಿನ್ನ ಭಾವನ ಕಡೆಗೇ ವಾಲುತ್ತೇನೆ. ಒಮ್ಮೆ ಮುಳುಗಿದವರನ್ನು ಮೊದಲು ದಡ ಸೇರಿಸಿ ಆಮೇಲೆ ಮುಂದಿನದು ಕೇಳಬೇಕು ಎಂಬುದು ನನ್ನ ಮಾತು. ನೀನು ಒಪ್ಪಬೇಕೆಂದಿಲ್ಲ.

ನೀನು ಚಿಕ್ಕವನಿದ್ದಾಗ ನನ್ನ ಜೊತೆ ದೇವಸ್ಥಾನದ ತಾಳಮದ್ದಳೆಗೆ ಬರುತ್ತಿದ್ದೆ, ಮಧ್ಯರಾತ್ರಿಗೆ ನನ್ನ ತೊಡೆಯ ಮೇಲೇ ನಿದ್ದೆ. ವಾಲಿವಧೆಯ ದಿನ ನಾನು ರಾಮನ ಅರ್ಥ, ಅಂದರೆ ರಾಮನಾಗಿ ಕೂತು ಅವನ ಮಾತು, ಹೇಳುತ್ತಿದ್ದೆ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದು ಯಾವ ಧರ್ಮ ಎಂದು ವಾಲಿ ಕೇಳುತ್ತಾನೆ. ವಾಲಿಯ ಅರ್ಥ ಹೇಳುವವರು ಗಟ್ಟಿಗರಾದರೆ ರಾಮನಿಗೆ ಬೆವರು. ಅದಕ್ಕೇ ನಮ್ಮ ಗುರುಗಳು ಹೇಳುತ್ತಿದ್ದರು: ರಾಮನ ಅರ್ಥಕ್ಕೆ ಕೂರುವ ಮೊದಲು ಮನೆಯಲ್ಲಿ ವಾಲಿಯ ಅರ್ಥ ಹೇಳಿ ನೋಡು. ಅವನ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಲು ಬಂದ ಮೇಲೆ ಉತ್ತರ ಹುಡುಕು. ಎದುರಿನವರು ಮಾತು ಮುಗಿಸುವವರೆಗೆ ಬಾಯಿ ಹಾಕುವ ಹಾಗಿಲ್ಲ, ಅವರ ಕೊನೆಯ ಮಾತನ್ನೇ ಹಿಡಿದು ಶುರು ಮಾಡಬೇಕು. ರಾತ್ರಿಯೆಲ್ಲ ವಾದ ಮಾಡಿದವರು ಮಂಗಳ ಹಾಡಿದ ಮೇಲೆ ಒಂದೇ ಬೆಂಚಿನಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದರು. ನಾಳೆ ಅವರೇ ರಾಮ, ನಾನೇ ವಾಲಿ. ಅಷ್ಟು ವರ್ಷ ಅರ್ಥ ಹೇಳಿದರೂ ಅಂಗಳದಲ್ಲಿ ಗೆಳೆಯನ ಎದುರು ಅದು ನನ್ನ ಉಪಯೋಗಕ್ಕೆ ಬರಲಿಲ್ಲ. ನಿನ್ನ ಉಪಯೋಗಕ್ಕಾದರೂ ಬರಲಿ ಎಂದು ಹೇಳುತ್ತಿದ್ದೇನೆ.

"ನಿಮ್ಮಂಥವರು" ಎಂಬ ಒಂದು ಮಾತನ್ನು ಮಾತ್ರ ಬಿಟ್ಟುಬಿಡು. ಆ ಮಾತು ಬಂದ ಮೇಲೆ ಎದುರು ಕೂತಿರುವುದು ಭಾವ ಅಲ್ಲ, ಯಾವುದೋ ಗುಂಪು. ಗುಂಪಿನ ಜೊತೆ ಯಾರೂ ಎಲೆಅಡಿಕೆ ಹಂಚಿಕೊಳ್ಳಲು ಆಗುವುದಿಲ್ಲ. ಮತ್ತೆ, ಹತ್ತು ಜನರ ಎದುರು ವಾದ ಬಿಸಿಯಾದರೆ ಅವರನ್ನು ತೋಟದ ಕಡೆ ಕರೆದುಕೊಂಡು ಹೋಗು. ನೋಡುವವರಿಲ್ಲದಿದ್ದರೆ ಗೆಲ್ಲುವ ಚಪಲ ಅರ್ಧ ಇಳಿಯುತ್ತದೆ. ಅವತ್ತು ಆ ಇಬ್ಬರು ನಗದೇ ಇದ್ದಿದ್ದರೆ ನಾನು ಅಲ್ಲೇ ತಪ್ಪಾಯ್ತು ಅನ್ನುತ್ತಿದ್ದೆನೋ ಏನೋ.

ಈಗ ಮಾಡಬೇಕಾದ್ದು ಹೇಳುತ್ತೇನೆ. ಭಾವನಿಗೆ ಫೋನ್ ಮಾಡಬೇಡ, ಮೆಸೇಜೂ ಬೇಡ. ಅವರ ಮನೆಗೆ ಹೋಗು. ನಿನ್ನ ಅಭಿಪ್ರಾಯಕ್ಕೆ ಕ್ಷಮೆ ಕೇಳಬೇಕಾಗಿಲ್ಲ. ಆ ಒಂದು ಮಾತಿಗೆ ಕೇಳು. "ನಾನು ಹಾಗೆ ಅನ್ನಬಾರದಿತ್ತು ಭಾವ" ಅಂದರೆ ಸಾಕು. ಅದಕ್ಕೆ "ಆದರೆ" ಸೇರಿಸಬೇಡ. ಅವರು ತಕ್ಷಣ ಮಾತಾಡದೇ ಇರಬಹುದು. ಕಾಯು.

ಅವರ ಅಜ್ಜಿ ಇನ್ನೂ ಇದ್ದಾರೆ. ಊರು ಮುಳುಗಿದಾಗ ಅವರಿಗೆ ಇಪ್ಪತ್ನಾಲ್ಕು ವರ್ಷ, ಕಂಕುಳಲ್ಲಿ ಮಗು. ಕಿವಿ ಮಂದ, ಹತ್ತಿರ ಕೂತು ಜೋರಾಗಿ ಕೇಳಬೇಕು. ನೀರು ಇಳಿದ ವರ್ಷ ತಮ್ಮ ಮನೆಯ ಮೆಟ್ಟಿಲು ಎಲ್ಲಿ ಕಾಣುತ್ತದೆ ಎಂದು ಅವರು ಸರಿಯಾಗಿ ಹೇಳುತ್ತಾರೆ. ನನಗೆ ಒಮ್ಮೆ ಹೇಳಿದ್ದಾರೆ. ನೀನೂ ಕೇಳಿಸಿಕೊಂಡು ಬಾ.

ಮುಂದಿನ ತಿಂಗಳ ಎರಡನೇ ವಾರ ನಮ್ಮ ಮನೆಯ ಕೊಯ್ಲು. ಸುಲಿಯುವುದಕ್ಕೆ ಈಗ ಮಿಷನ್ ಬಂದಿದೆ, ಆದರೂ ಒಂದು ರಾತ್ರಿ ಎಲ್ಲರೂ ಅಂಗಳದಲ್ಲಿ ಕೂರೋಣ ಎಂದು ನಿನ್ನ ದೊಡ್ಡಮ್ಮನ ಆಸೆ. ಹಳ್ಳದಾಚೆ ಮನೆಯ ಮಗನೂ ಬರುತ್ತಾನೆ. ಮೆಟ್ಟುಗತ್ತಿಗಳನ್ನು ಅಟ್ಟದಿಂದ ಇಳಿಸಿ ಎಣ್ಣೆ ಹಚ್ಚಿಟ್ಟಿದ್ದೇನೆ. ನಿನಗೊಂದು, ನಿನ್ನ ಭಾವನಿಗೊಂದು ಎತ್ತಿಟ್ಟಿದ್ದೇನೆ. ಬರುವಾಗ ಅವರ ಜೊತೆಗೇ ಬಾ. ತೀರ್ಥಹಳ್ಳಿಯಲ್ಲಿ ಬಸ್ಸು ಇಳಿದು ಫೋನ್ ಮಾಡಿದರೆ ಜೀಪು ಕಳಿಸುತ್ತೇನೆ.

ಇಂತಿ ನಿನ್ನ
ದೊಡ್ಡಪ್ಪ