ಸಮುದಾಯ ಭವನದ ಮೇಲಿನ ಹಾಲ್‌ನ ಬೀಗ ತೆಗೆಸಿಕೊಡಿ ಸರ್: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ಪಾರ್ಕ್ ಪಕ್ಕದ ನಮ್ಮ ಸಮುದಾಯ ಭವನ ನಿಮಗೆ ಗೊತ್ತೇ ಇದೆ ಸರ್. ಅದರ ಮೇಲಿನ ಮಹಡಿ ಕಟ್ಟಿಸಿ ಉದ್ಘಾಟನೆ ಮಾಡಿದವರು ನೀವೇ. ಆವತ್ತು ನಾನೂ ಬಂದಿದ್ದೆ. ಹಾಲ್‌ಗೆ ಎಷ್ಟು ಚೆನ್ನಾಗಿ ಗಾಳಿ ಬೆಳಕು ಬರುತ್ತೆ ಅಂತ ನಾವು ಹೆಂಗಸರೆಲ್ಲ ಮಾತಾಡಿಕೊಂಡು ಮನೆಗೆ ಹೋಗಿದ್ದೆವು. ಕೆಳಗಿನ ಹಾಲ್‌ನಲ್ಲಿ ಮದುವೆ, ನಾಮಕರಣ, ಸೀಮಂತ ನಡೆಯುತ್ತಿರುತ್ತವೆ. ಮೇಲಿನದಕ್ಕೆ ಮಾತ್ರ ವರ್ಷದಲ್ಲಿ ಜಾಸ್ತಿ ದಿನ ಬೀಗ. ಆಷಾಢ ಬಂದರೆ ಕೆಳಗೂ ಬೀಗ. ಧನುರ್ಮಾಸದಲ್ಲೂ ಹಾಗೇ. ಆ ಮೇಲಿನ ಹಾಲ್ ಅನ್ನು ಪ್ರತಿ ಭಾನುವಾರ ಬೆಳಿಗ್ಗೆ 10ರಿಂದ 1 ಗಂಟೆವರೆಗೆ ಕೈಕೆಲಸ ಕಲಿಯುವವರಿಗೂ, ಆಗಲೇ ಕಲಿತವರಿಗೂ ಬಿಡಿಸಿಕೊಡಿ ಅಂತ ಕೇಳಲು ಬರೆಯುತ್ತಿದ್ದೇನೆ.

ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು. 22 ವರ್ಷದಿಂದ ಇದೇ ಕೆಲಸ. ಮೂರು ವರ್ಷದ ಹಿಂದೆ ಗೌರಿ ಗಣೇಶ ಹಬ್ಬಕ್ಕೆ ಮುಂಚೆ, ಬೀದಿಯ ಮಕ್ಕಳ ಕೈಲಿ ಮಣ್ಣಿನ ಗಣಪತಿ ಮಾಡಿಸೋಣ ಅಂತ ನಾಲ್ಕು ಮನೆಯವರು ಸೇರಿದೆವು. ಪಾಟರಿ ಟೌನ್‌ನಿಂದ ಒಬ್ಬ ಹಿರಿಯ ಕುಂಬಾರರು ಮಣ್ಣಿನ ಮೂಟೆ ಸಮೇತ ಬಂದರು. ನಮ್ಮ ಮನೆಯ ತಾರಸಿ ಮೇಲೆ ಚಾಪೆ ಹಾಸಿಕೊಂಡು ಕೂತೆವು. ಮಣ್ಣು ನಾದುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಸೊಂಡಿಲು ಅಂಟಿಸಿದರೆ ಐದು ನಿಮಿಷಕ್ಕೆ ಕಳಚಿ ಬೀಳುತ್ತಿತ್ತು. ಆಗ ಅವರು ತೋರಿಸಿಕೊಟ್ಟರು: ಸೇರಿಸುವ ಎರಡೂ ಕಡೆ ಕಡ್ಡಿಯಿಂದ ಗೀರು ಹಾಕಬೇಕು, ಮಣ್ಣನ್ನೇ ನೀರಲ್ಲಿ ಗಂಜಿಯ ಹಾಗೆ ಕಲಸಿ ಹಚ್ಚಬೇಕು, ಆಮೇಲೆ ಒತ್ತಿ ಹಿಡಿಯಬೇಕು. ಬಿಸಿಲಿಗೆ ಇಡಬಾರದು, ನೆರಳಲ್ಲಿ ನಿಧಾನವಾಗಿ ಒಣಗಬೇಕು, ಅವಸರ ಮಾಡಿದರೆ ಸೀಳುತ್ತೆ. ಗಣಪತಿಯನ್ನು ಸುಡುವ ಹಾಗಿಲ್ಲ, ಹಸಿ ಮಣ್ಣಾಗಿದ್ದರೆ ತಾನೇ ಬಕೆಟ್ ನೀರಲ್ಲಿ ಕರಗೋದು? ಆ ನೀರನ್ನು ತುಳಸಿ ಗಿಡ ಬಿಟ್ಟು ಬೇರೆ ಗಿಡಗಳಿಗೆ ಹಾಕಿದೆವು.

22 ವರ್ಷ ಸೂಜಿ ಹಿಡಿದ ಕೈ ನನ್ನದು, ಆದರೆ ಮಣ್ಣಿನ ಮುಂದೆ ನಾನು ಮೊದಲನೇ ದಿನದವಳು. ನನ್ನ ಪಕ್ಕ ಕೂತಿದ್ದ ಒಂಬತ್ತು ವರ್ಷದ ಹುಡುಗನೂ ಮೊದಲನೇ ದಿನದವನು. ಅವನಿಗೆ ನಾನು ಕೇಳಿದೆ, ನನಗೆ ಅವನು ಹೇಳಿದ. ಆವತ್ತಿನಿಂದ ನನಗೆ ಒಂದು ವಿಷಯ ಅರ್ಥವಾಯಿತು ಸರ್. ಕಲಿಯುವವರು ಬೇರೆ, ಕಲಿತವರು ಬೇರೆ ಅಂತ ಎರಡು ಗುಂಪು ಇಲ್ಲವೇ ಇಲ್ಲ. ಒಂದು ಕೆಲಸ ಗೊತ್ತಿರುವವರು ಇನ್ನೊಂದರಲ್ಲಿ ಹೊಸಬರೇ. ಅದಕ್ಕೇ ಎಲ್ಲರೂ ಒಂದೇ ಕಡೆ ಕೂರುವ ಜಾಗ ಬೇಕು ಅಂತಿದ್ದೇನೆ.

ಹಬ್ಬ ಮುಗಿದರೂ ನಾವು ಸೇರುವುದು ನಿಲ್ಲಲಿಲ್ಲ. ಎದುರು ಮನೆಗೆ ಬಾಡಿಗೆಗೆ ಬಂದ ಧಾರವಾಡದ ಅಕ್ಕ ಒಬ್ಬರು ಒಂದಿನ ಇಳಕಲ್ ಸೀರೆ ಉಟ್ಟುಕೊಂಡು ಬಂದರು. ಅದರ ಸೆರಗಿಗೆ ಹಾಕಿದ್ದ ಕಸೂತಿ ಅವರದೇ ಕೈಯದ್ದು. ತಿರುಗಿಸಿ ತೋರಿಸಿದರು. ಹಿಂದೆಯೂ ಮುಂದೆಯೂ ಒಂದೇ ಥರ, ಎಲ್ಲೂ ಒಂದು ಗಂಟು ಕಾಣಲಿಲ್ಲ. ಬಟ್ಟೆ ಮೇಲೆ ಚಿತ್ರ ಬರೆದುಕೊಳ್ಳುವ ಹಾಗಿಲ್ಲ, ಎಳೆ ಎಣಿಸಿಕೊಂಡೇ ಹಾಕಬೇಕು. ಗಾವಂತಿ, ಮುರಗಿ, ನೇಗಿ, ಮೆಂತ್ಯೆ ಅಂತ ನಾಲ್ಕು ಬಗೆಯ ಹೊಲಿಗೆ. ಗೋಪುರ, ತೇರು, ಆನೆ, ನವಿಲು, ತುಳಸಿಕಟ್ಟೆ ಎಲ್ಲ ಆ ನಾಲ್ಕರಲ್ಲೇ ಬರಬೇಕು. ಮೆಷಿನ್ ಮೇಲೆ ಕೂತು ಜೀವನ ಮಾಡಿದ ನನಗೆ ಗಾವಂತಿ ನೇರ ಬರೋಕೆ ಆರು ವಾರ ಬೇಕಾಯಿತು. ಆ ಅಕ್ಕ ಬೆಂಗಳೂರಿಗೆ ಬಂದು ಹತ್ತು ವರ್ಷದ ಮೇಲಾಗಿದೆ. ಅಷ್ಟು ದಿನ ಪಕ್ಕದಲ್ಲಿ ಕೂತು ಸೂಜಿ ಹಿಡಿಯುವ ಒಬ್ಬರೂ ಸಿಕ್ಕಿರಲಿಲ್ಲ ಅವರಿಗೆ.

ಇನ್ನೊಬ್ಬರ ಬಗ್ಗೆ ಹೇಳಲೇಬೇಕು. ನಮ್ಮ ಬೀದಿ ಕೊನೆಯಲ್ಲಿ ಆಟೋ ಓಡಿಸುವ ಅಣ್ಣ ಒಬ್ಬರಿದ್ದಾರೆ. ಅವರ ತಾಯಿ ತೀರಿಕೊಂಡ ಮೇಲೆ ಟ್ರಂಕಿನಲ್ಲಿದ್ದ ಆರು ಹಳೇ ಸೀರೆ ಹಿಡಿದುಕೊಂಡು ಬಂದು, ಇದನ್ನು ಯಾರಿಗಾದರೂ ಕೊಡೋಕೆ ಮನಸ್ಸು ಬರ್ತಿಲ್ಲ, ಏನು ಮಾಡಲಿ ಅಂತ ಕೇಳಿದರು. ಕೌದಿ ಹೊಲಿ ತಮ್ಮ ಅಂದರು ಧಾರವಾಡದ ಅಕ್ಕ. ಆಟೋ ಅಣ್ಣ ಅಲ್ಲಿವರೆಗೆ ಸೂಜಿಗೆ ದಾರ ಪೋಣಿಸಿದವರೇ ಅಲ್ಲ. ಸೀರೆಗಳನ್ನು ಪದರ ಪದರವಾಗಿ ಹಾಸಿ, ಸುಕ್ಕು ತೆಗೆದು, ಅಂಚಿನಿಂದ ಶುರು ಮಾಡಿ ಸುತ್ತಲೂ ಹೊಲಿಯುತ್ತಾ ಒಳಗೆ ಬಂದರು, ಮಧ್ಯದಲ್ಲಿ ಮುಗಿಸಿದರು. ಹನ್ನೊಂದು ಭಾನುವಾರ. ಭಾನುವಾರ ಬೆಳಿಗ್ಗೆ ಬಾಡಿಗೆ ಚೆನ್ನಾಗಿ ಸಿಗುವ ಹೊತ್ತು, ಅದನ್ನು ಬಿಟ್ಟು ಬಂದು ಕೂರುತ್ತಿದ್ದರು. ಈಗ ಆ ಕೌದಿಯನ್ನು ಅವರ ಮಗಳು ಹೊದ್ದುಕೊಂಡು ಮಲಗುತ್ತಾಳೆ.

ಇದನ್ನೇ ಒಂದು ಕಚೇರಿಯಲ್ಲಿ "ಟೈಂಪಾಸ್‌ಗೆಲ್ಲ ಹಾಲ್ ಕೊಡೋಕಾಗಲ್ಲಮ್ಮ" ಅಂದರು ಸರ್. ನನಗೆ ಅಲ್ಲೇ ಕಣ್ಣಲ್ಲಿ ನೀರು ಬಂತು.

ಯಾಕೆ ಹಾಲ್ ಕೇಳೋಕೆ ಹೋದೆವು ಅಂದರೆ, ತಾರಸಿ ಸಾಲದಾಯಿತು. ಮೊದಲು ಎಂಟು ಜನ ಇದ್ದವರು ಈಗ ಮೂವತ್ತು ದಾಟಿದ್ದೇವೆ. ಜೂನ್‌ನಲ್ಲಿ ಒಂದಿನ ಇದ್ದಕ್ಕಿದ್ದಂತೆ ಮಳೆ ಹೊಡೆದು ಅರ್ಧ ಹೊಲಿದ ಎರಡು ಕೌದಿ ನೆಂದು ಬಣ್ಣ ಬಿಟ್ಟುಕೊಂಡವು. ಮಣ್ಣಿನ ನೀರು ಪೈಪಿಗೆ ಇಳಿದು ಕಟ್ಟಿಕೊಂಡು ಕೆಳಗಿನ ಮನೆಯವರಿಗೆ ತೊಂದರೆ ಆಯಿತು, ಅದು ನಮ್ಮದೇ ತಪ್ಪು. ಸಮುದಾಯ ಭವನ ವಿಚಾರಿಸಿದರೆ ಮದುವೆಗೆ ಎಷ್ಟೋ ನಮಗೂ ಅಷ್ಟೇ ಬಾಡಿಗೆ, ಜೊತೆಗೆ ಡೆಪಾಸಿಟ್. ಮೂರು ಗಂಟೆ ಕೂತು ಹೊಲಿಯುವವರಿಗೂ, ಐನೂರು ಜನಕ್ಕೆ ಊಟ ಹಾಕಿಸುವವರಿಗೂ ಒಂದೇ ರೇಟು ಹೇಗೆ ಸರ್? ಅರ್ಜಿ ಕೊಟ್ಟು ಏಳು ತಿಂಗಳಾಯಿತು. ಆ ಟೇಬಲ್‌ನಿಂದ ಈ ಟೇಬಲ್‌ಗೆ ಕಳಿಸುತ್ತಾರೆ, ಉತ್ತರ ಇಲ್ಲ. ಇಂಥ ಸಣ್ಣ ವಿಷಯವನ್ನು ಮೊದಲು ಕಾರ್ಪೊರೇಟರ್ ಹತ್ತಿರ ಹೇಳುತ್ತಿದ್ದೆವು. 2020ರ ಸೆಪ್ಟೆಂಬರ್‌ನಲ್ಲಿ ಅವರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಆ ಬಾಗಿಲೂ ಇರಲಿಲ್ಲ. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಆದಾಗ ಯಾವ ಕಚೇರಿ ನಮ್ಮದು ಅಂತ ಹುಡುಕುವುದೇ ಒಂದು ಕೆಲಸವಾಯಿತು. ಅದಕ್ಕೇ ನಿಮ್ಮ ಹತ್ತಿರ ಬಂದಿದ್ದೇವೆ.

ಊರಲ್ಲಿ ಕಲೆಗೆ ಜಾಗ ಇಲ್ಲ ಅಂತ ನಾನು ಹೇಳುತ್ತಿಲ್ಲ. 1960ರಲ್ಲಿ ಶುರುವಾದ ಚಿತ್ರಕಲಾ ಪರಿಷತ್ತು ಇದೆ, ಅವರ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆ ಪೂರ್ತಿ ಜನ. ಮಲ್ಲತ್ತಹಳ್ಳಿಯಲ್ಲಿ ಕಲಾಗ್ರಾಮ ಇದೆ. ಮಕ್ಕಳಿಗೆ ಕಬ್ಬನ್ ಪಾರ್ಕಿನ ಬಾಲಭವನ ಇದೆ. ಎಲ್ಲವೂ ನಮ್ಮ ಹೆಮ್ಮೆ. ಆದರೆ ಮನೆ ಕೆಲಸ ಮುಗಿಸಿ, ಎರಡು ಬಸ್ ಬದಲಾಯಿಸಿ, ಪ್ರತಿ ವಾರ ಅಲ್ಲಿಗೆ ಹೋಗಿ ಬರೋಕೆ ನಮ್ಮಂಥವರಿಗೆ ಆಗಲ್ಲ. ಇನ್ನು ಕೆಫೆಗಳಲ್ಲಿ, ಸ್ಟುಡಿಯೋಗಳಲ್ಲಿ ವರ್ಕ್‌ಶಾಪ್ ಮಾಡುತ್ತಾರೆ. ನಾನು ವಿಚಾರಿಸಿದ ಒಂದು ಕಡೆ ಎರಡು ಗಂಟೆ ಮಣ್ಣಿನ ಕೆಲಸಕ್ಕೆ 1,800 ರೂಪಾಯಿ ಅಂದರು. ಮಾತೆಲ್ಲ ಇಂಗ್ಲಿಷ್‌ನಲ್ಲಿ. ಅವರಿಗೂ ಬಾಡಿಗೆ, ಕರೆಂಟು ಇರುತ್ತೆ, ಅವರನ್ನು ದೂರುವುದಿಲ್ಲ. ಆದರೆ ನಾನು ಮೂರು ಬ್ಲೌಸ್ ಹೊಲಿದರೂ ಅಷ್ಟು ದುಡ್ಡು ಕೈಗೆ ಬರಲ್ಲ. ಕುಂಬಾರರ ಚಕ್ರಕ್ಕೆ ತಿಗರಿ, ಮಡಕೆ ಸುಡುವ ಒಲೆಗೆ ಆವಿಗೆ ಅನ್ನುವ ಮಾತು ಗೊತ್ತಿರುವ ಅಜ್ಜಿ ಅಲ್ಲಿ ಹೋಗಿ ಬಾಯಿ ಬಿಡದೆ ಕೂರಬೇಕಾ?

ಈ ಊರು ಕೈಕೆಲಸದವರ ಹೆಸರಲ್ಲೇ ಬೆಳೆದ ಊರು ಅಲ್ವಾ ಸರ್. ಪೇಟೆ ಒಳಗೆ ಹೋದರೆ ಕುಂಬಾರಪೇಟೆ, ಗಾಣಿಗರಪೇಟೆ, ಅರಳೆಪೇಟೆ, ಉಪ್ಪಾರಪೇಟೆ. ಈಗ ಅಲ್ಲೆಲ್ಲ ಅಂಗಡಿಗಳು, ಕೆಲಸದ ಹೆಸರು ಬೋರ್ಡಿನ ಮೇಲಷ್ಟೇ ಉಳಿದಿದೆ.

ಲೈಬ್ರರಿ ವಿಷಯ ನೋಡಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದ ಮೇಲೆ ನಾವು ಆಸ್ತಿ ತೆರಿಗೆಯ ಜೊತೆ ರೂಪಾಯಿಗೆ ಆರು ಪೈಸೆ ಲೈಬ್ರರಿ ಸೆಸ್ ಕಟ್ಟುತ್ತೇವೆ. ಓದುವ ಜಾಗ ಮನೆ ಹತ್ತಿರ ಇರಬೇಕು, ದುಡ್ಡಿಲ್ಲದವರಿಗೂ ಸಿಗಬೇಕು ಅಂತ ಆಗಿನವರು ಯೋಚಿಸಿದರು. ಕೈಯಲ್ಲಿ ಮಾಡುವ ಕೆಲಸಕ್ಕೂ ಅಂಥ ಒಂದು ಜಾಗ ಬೇಡವಾ? ಹೊಸ ಸೆಸ್ ಹಾಕಿ ಅಂತ ಕೇಳುತ್ತಿಲ್ಲ. ಕಟ್ಟಡ ಆಗಲೇ ಇದೆ.

ಕೆಲಸ ಬಲ್ಲವರಿಗೆ ಇದರಿಂದ ಏನು ಸಿಗುತ್ತೆ ಅಂತ ನಿಮ್ಮ ಕಚೇರಿಯ ಹುಡುಗ ಒಬ್ಬರು ಕೇಳಿದರು, ಒಳ್ಳೆಯ ಪ್ರಶ್ನೆ. ನಮ್ಮ ಗುಂಪಿನಲ್ಲಿ ಒಬ್ಬ ಬಡಗಿ ಇದ್ದಾರೆ. ಬಾಗಿಲು, ಕಿಟಕಿ, ಮಂಚ ಎಲ್ಲ ಮಾಡಿ ಕೈ ಪಳಗಿದೆ. ಅವರಿಗೆ ಚನ್ನಪಟ್ಟಣದ ಬಣ್ಣದ ಕೆಲಸ ಕಲಿಯುವ ಆಸೆ. ಹಾಲೆ ಮರದ ತುಂಡು ಲೇತ್‌ನಲ್ಲಿ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತೆ. ಆಮೇಲೆ ಒಣಗಿದ ತಾಳೆಗರಿಯಲ್ಲಿ ತಿಕ್ಕಿದರೆ ಹೊಳಪು ಬರುತ್ತೆ. ಚನ್ನಪಟ್ಟಣ ಇಲ್ಲಿಂದ 60 ಕಿಲೋಮೀಟರ್. ಅಲ್ಲಿಂದ ಒಬ್ಬ ಕುಶಲಕರ್ಮಿ ತಿಂಗಳಿಗೊಮ್ಮೆ ಬರಲು ತಯಾರಿದ್ದಾರೆ, ಆದರೆ ಬಂದರೆ ಎಲ್ಲಿ ಕೂರಿಸೋದು, ಲೇತ್ ಎಲ್ಲಿ ಇಡೋದು? ಅದೇ ಥರ ಮಣ್ಣಿನ ಪಾತ್ರೆ ಮಾಡುವವರಿಗೆ ಸುಡುವುದೇ ಕಷ್ಟ. ಒಳಗೆ ತೇವ ಉಳಿದಿದ್ದರೆ ಬಿಸಿಗೆ ಆವಿಯಾಗಿ ಪಾತ್ರೆ ಒಡೆಯುತ್ತೆ, ಪಕ್ಕದವರ ಪಾತ್ರೆಯನ್ನೂ ಕೆಡಿಸುತ್ತೆ. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಅಂತ ಗಾದೆ ಇದೆ, ಇಲ್ಲಿ ದೊಣ್ಣೆಯೂ ಬೇಡ. ಒಬ್ಬೊಬ್ಬರೇ ಎಲೆಕ್ಟ್ರಿಕ್ ಆವಿಗೆ ಕೊಳ್ಳೋಕೆ ಆಗಲ್ಲ. ಹತ್ತು ಜನಕ್ಕೆ ಒಂದು ಇದ್ದರೆ ಸಾಕು. ಇನ್ನೊಂದು ಮಾತು: ಚೆನ್ನಾಗಿ ಮಾಡುವವರಿಗೆ ತಪ್ಪು ತೋರಿಸುವವರು ಮನೆಯಲ್ಲಿ ಇರಲ್ಲ. ಎಲ್ಲರೂ ಚೆನ್ನಾಗಿದೆ ಚೆನ್ನಾಗಿದೆ ಅಂತಾರೆ. ಅದೇ ಕೆಲಸ ಬಲ್ಲ ಇನ್ನೊಬ್ಬರು ಮಾತ್ರ ಇಲ್ಲಿ ಎಳೆ ತಪ್ಪಿದೆ ನೋಡು ಅನ್ನುತ್ತಾರೆ.

ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್‌ನಿಂದ ಇದೆ ಅಲ್ವಾ ಅನ್ನಬಹುದು. ಇದೆ, ಒಳ್ಳೆಯದೇ. 18 ಕಸುಬುಗಳಿಗೆ ತರಬೇತಿ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಕಡಿಮೆ ಬಡ್ಡಿಗೆ ಸಾಲ ಕೊಡುತ್ತಾರೆ. ನಮ್ಮ ಬಡಗಿ ಅಣ್ಣ ಅರ್ಜಿ ಹಾಕಿದ್ದಾರೆ. ಆದರೆ ಅದು ಆಗಲೇ ಕಸುಬು ಮಾಡುತ್ತಿರುವವರಿಗೆ. ಆಟೋ ಅಣ್ಣನಿಗೆ, ಕಸೂತಿ ಕಲಿಯೋಕೆ ಬರುವ ಸಾಫ್ಟ್‌ವೇರ್ ಹುಡುಗಿಗೆ, ರಿಟೈರ್ ಆದ ಬ್ಯಾಂಕ್ ಯಜಮಾನರಿಗೆ ಅಲ್ಲಿ ಜಾಗ ಇಲ್ಲ. ಒಂದು ವಿಷಯ ಮಾತ್ರ ಆ ಯೋಜನೆಯಿಂದ ತೆಗೆದುಕೊಳ್ಳಬೇಕು. ತರಬೇತಿಗೆ ಬಂದ ಕುಶಲಕರ್ಮಿಗೆ ಅಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ ಕೊಡುತ್ತಾರೆ. ಕಲಿಯಲು ಬಂದವರ ದಿನಕ್ಕೇ ಬೆಲೆ ಇದೆ ಅಂದಮೇಲೆ ಕಲಿಸುವವರ ಬೆಳಗಿಗೆ ಬೆಲೆ ಇಲ್ಲವಾ? ಪಾಟರಿ ಟೌನ್‌ನ ಯಜಮಾನರಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರೆ ಸಾಲದು. ಕೈಗೆ ದುಡ್ಡು ಕೊಡಬೇಕು, ಆವತ್ತೇ ಕೊಡಬೇಕು. ಸುಮ್ನೆ ಸೇವೆ ಮಾಡಿ ಅಂತ ಕರೆಯುವುದು ನನಗೆ ಸರಿ ಕಾಣಲ್ಲ.

ನಮ್ಮ ಲೆಕ್ಕ ಹೀಗಿದೆ. ಬರುವವರಲ್ಲಿ ಆಗುವವರು ವಾರಕ್ಕೆ 100 ರೂಪಾಯಿ ಹಾಕುತ್ತಾರೆ, ಆಗದವರು ಹಾಕುವುದು ಬೇಡ, ಯಾರು ಹಾಕಿದರು ಯಾರು ಹಾಕಲಿಲ್ಲ ಅಂತ ಯಾರೂ ಕೇಳುವುದಿಲ್ಲ. ಅದರಲ್ಲಿ ಕಲಿಸುವವರ ಸಂಭಾವನೆ, ಮಣ್ಣು, ದಾರ ನಡೆಯುತ್ತೆ. ಟೇಬಲ್, ಬೀರು ನಾವೇ ಹೊಂದಿಸಿಕೊಳ್ಳುತ್ತೇವೆ. ನಮ್ಮ ಕೈಲಿ ಆಗದೇ ಇರುವುದು ಮೂರು ಕೆಲಸ. ಮೇಲಿನ ಹಾಲ್‌ಗೆ ಒಂದು ದೊಡ್ಡ ಸಿಂಕ್, ಅದರ ಕೆಳಗೆ ಮಣ್ಣು ತಳಕ್ಕೆ ಕೂರುವ ಹಾಗೆ ಒಂದು ತೊಟ್ಟಿ. ಮೇಲಿನ ತಿಳಿ ನೀರು ಮಾತ್ರ ಚರಂಡಿಗೆ ಹೋಗಲಿ, ತಳದ ಮಣ್ಣನ್ನು ನಾವು ಒಣಗಿಸಿ ಮತ್ತೆ ಬಳಸುತ್ತೇವೆ. ಆಮೇಲೆ ಆವಿಗೆಗೆ, ಲೇತ್‌ಗೆ ತ್ರೀ ಫೇಸ್ ವೈರಿಂಗ್. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಅಂತ ವರ್ಷಕ್ಕೆ 2 ಕೋಟಿ ಇರುತ್ತೆ ಅಂತ ಗೊತ್ತು. ಅದು ಕಟ್ಟಡದಂಥ ಉಳಿಯುವ ಕೆಲಸಕ್ಕೆ ಅನ್ನುವುದೂ ಗೊತ್ತು, ಅದಕ್ಕೇ ಉಳಿಯುವ ಕೆಲಸವನ್ನೇ ಕೇಳುತ್ತಿದ್ದೇವೆ.

ಮೂರನೆಯದಕ್ಕೆ ದುಡ್ಡು ಬೇಡ, ಒಂದು ಆದೇಶ ಬೇಕು. ಭಾನುವಾರ ಬೆಳಗಿನ ಮೂರು ಗಂಟೆ, ಮೇಲಿನ ಹಾಲ್, ಇಷ್ಟು ಸಣ್ಣ ಶುಲ್ಕ ಅಂತ ಬರಹದಲ್ಲಿ ಇರಲಿ. ಬಾಯಿ ಮಾತಲ್ಲಿ ಆಯ್ತು ಅಂದರೆ ಅಧಿಕಾರಿ ವರ್ಗವಾದ ದಿನ ನಾವು ಮತ್ತೆ ರಸ್ತೆಗೆ. ಮುಹೂರ್ತದ ಭಾನುವಾರ ಯಾರದಾದರೂ ಮದುವೆಗೆ ಎರಡೂ ಮಹಡಿ ಬೇಕಾದರೆ ನಾವು ಬಿಟ್ಟುಕೊಡುತ್ತೇವೆ. ಬಡವರ ಮನೆ ಮದುವೆ ನಡೆಯುವ ಜಾಗ ಅದು, ಅದಕ್ಕೆ ಅಡ್ಡ ಬರುವ ಆಸೆ ನಮಗಿಲ್ಲ. ಆಷಾಢ, ಧನುರ್ಮಾಸ ನಮಗೆ ಪೂರ್ತಿ ಬಿಡಿ. ಆಷಾಢದಲ್ಲಿ ಮಣ್ಣಿನ ಕೆಲಸ ಶುರು ಮಾಡಿದರೆ ಭಾದ್ರಪದದ ಗಣಪತಿ ಹೊತ್ತಿಗೆ ಕೈ ಕೂತಿರುತ್ತೆ, ಅಲ್ಲಿಂದ ನವರಾತ್ರಿ ಗೊಂಬೆಗೆ ಹೋಗಬಹುದು.

ಈಗ ನಾವು ಸೇರುತ್ತಿರುವುದು ಒಬ್ಬರ ಮನೆಯ ಕಾರ್ ಶೆಡ್‌ನಲ್ಲಿ. ಕಾರು ಹೊರಗೆ ನಿಲ್ಲಿಸಿ ಜಾಗ ಕೊಡುತ್ತಾರೆ, ಪುಣ್ಯಾತ್ಮರು. ಮುಂದಿನ ತಿಂಗಳು ಅವರ ಮನೆ ರಿಪೇರಿ ಶುರುವಾಗುತ್ತೆ, ಅಲ್ಲಿಗೆ ಅದೂ ಇಲ್ಲ. ಅಷ್ಟರೊಳಗೆ ಒಂದು ಭಾನುವಾರ ಬನ್ನಿ ಸರ್. ಹಾರ, ಮೈಕು ಏನೂ ಇರಲ್ಲ. ಹಾಲ್‌ನ ಬೀಗದ ಕೈ ನೋಡಿಕೊಳ್ಳುವ ಅಧಿಕಾರಿಯನ್ನೂ ಜೊತೆಗೆ ಕರೆದುಕೊಂಡು ಬಂದರೆ ಅಲ್ಲೇ ಮಾತಾಡಬಹುದು. ನಮ್ಮ ಅರ್ಜಿಯ ಪ್ರತಿ ನಿಮ್ಮ ಕಚೇರಿಯಲ್ಲಿ ಕೊಟ್ಟಿದ್ದೇವೆ, ಅದರಲ್ಲಿ 34 ಜನರ ಸಹಿ ಇದೆ. ಕೊನೆಯ ಸಹಿ ಆ ಒಂಬತ್ತು ವರ್ಷದ ಹುಡುಗನದ್ದು, ಈಗ ಹನ್ನೆರಡು ತುಂಬಿದೆ ಅವನಿಗೆ.

ಇಂತಿ,
ನಿಮ್ಮ ಕ್ಷೇತ್ರದ ಮತದಾರಳು, ಬ್ಲೌಸ್ ಹೊಲಿಯುವ ಒಬ್ಬ ಹೆಣ್ಣುಮಗಳು