ಹೊಗೆಯ ಉಪಗ್ರಹ ಚಿತ್ರ ಹಾಕುವ ಮುಂಚೆ

ಎಲ್ಲರಿಗೂ ನಮಸ್ಕಾರ. ಕಾಳ್ಗಿಚ್ಚಿನ ಹೊಗೆ ಎಂದು ಗುಂಪಿಗೆ ಬರುತ್ತಿರುವ ಚಿತ್ರಗಳಲ್ಲಿ ಕೆಲವು ಬರೀ ಮೋಡ. ದಯವಿಟ್ಟು ಕಳಿಸುವ ಮುಂಚೆ ನಾಸಾದ ವರ್ಲ್ಡ್‌ವ್ಯೂ ಎಂಬ ಉಪಗ್ರಹ ಚಿತ್ರಗಳ ಜಾಲತಾಣ ತೆರೆದು ಅದೇ ದಿನಾಂಕ ಹಾಕಿ ನೋಡಿ. ಮೋಡ ಅಚ್ಚ ಬಿಳಿ. ಹೊಗೆ ಬೂದು ಇಲ್ಲವೇ ಕಂದು. ತೆಳುವಾಗಿದ್ದರೆ ಕೆಳಗಿನ ನೆಲ, ನದಿ ಮಸುಕಾಗಿ ಕಾಣುತ್ತವೆ. ಬೆಂಕಿಯ ಕೆಂಪು ಚುಕ್ಕೆಗಳ ಪದರವನ್ನೂ ಹಾಕಿದರೆ ಹೊಗೆ ಎಲ್ಲಿಂದ ಎದ್ದಿದೆ ಅನ್ನುವುದು ಗೊತ್ತಾಗುತ್ತದೆ.

ಜ್ವಾಲಾಮುಖಿಯದು ಬೇರೆಯೇ. ಅದು ಉಗುಳುವ ಸಲ್ಫರ್ ಡೈಆಕ್ಸೈಡ್ ಅನಿಲ ಮಾಮೂಲಿ ಬಣ್ಣದ ಚಿತ್ರದಲ್ಲಿ ಕಾಣುವುದೇ ಇಲ್ಲ. ಅದಕ್ಕೆ 2017ರಲ್ಲಿ ಹಾರಿಸಿದ ಸೆಂಟಿನೆಲ್-5ಪಿ ಉಪಗ್ರಹದ ಟ್ರೊಪೊಮಿ ಎಂಬ ಉಪಕರಣದ ನಕ್ಷೆ ನೋಡಬೇಕು. ಅದು ನೇರಳಾತೀತ ಕಿರಣಗಳಿಂದ ಅಳೆಯುತ್ತದೆ.

ಇನ್ನೊಂದು ಮಾತು, ಇದು ಬಹಳ ಮುಖ್ಯ. ಉಪಗ್ರಹ ನೋಡುವುದು ಮೇಲಿನಿಂದ. ಹೊಗೆ ನೆಲಕ್ಕೆ ಇಳಿದಿದೆಯೋ, ನಾಲ್ಕೈದು ಕಿಲೋಮೀಟರ್ ಎತ್ತರದಲ್ಲೇ ಸಾಗುತ್ತಿದೆಯೋ ಅನ್ನುವುದನ್ನು ಬರೀ ಚಿತ್ರ ಹೇಳದು. ಆಸ್ತಮಾ ಇರುವವರು ನಿಮ್ಮ ಮಾತು ನಂಬಿಕೊಂಡು ಹೊರಗೆ ಹೋಗಬಹುದು. ಹಾಗಾಗಿ ನೆಲಮಟ್ಟದ ಪಿಎಂ 2.5 (ಗಾಳಿಯಲ್ಲಿನ ಅತಿ ಸಣ್ಣ ಕಣಗಳ) ಅಳತೆ ನೋಡದೆ 'ಏನೂ ಭಯವಿಲ್ಲ' ಎಂದಾಗಲಿ, 'ಬಾಗಿಲು ತೆಗೆಯಬೇಡಿ' ಎಂದಾಗಲಿ ಬರೆಯಬೇಡಿ.

ಚಿತ್ರದ ಜೊತೆ ಉಪಗ್ರಹದ ಹೆಸರು, ದಿನಾಂಕ, ಯುಟಿಸಿ (ವಿಶ್ವ ಪ್ರಮಾಣಿತ) ಸಮಯ ಇರಲಿ.